ಕೊರಿಯನ್ನರ 11,172 ಮತ್ತು ನಮ್ಮ ಹೊಟ್ಟೆಕಿಚ್ಚು

ಕನ್ನಡ ಮತ್ತು ಯೂನಿಕೋಡ್ ಬಗ್ಗೆ ಮಾತು ಶುರುವಾಗಿ ಹತ್ತು ನಿಮಿಷ ಆಗುವುದರೊಳಗೆ ಯಾರಾದರೂ ಒಬ್ಬರು ಕೊರಿಯಾವನ್ನು ಎಳೆದು ತರುತ್ತಾರೆ. "ಅಲ್ರೀ, ಕೊರಿಯನ್ನರಿಗೆ ಹನ್ನೊಂದು ಸಾವಿರ ಚಿಲ್ಲರೆ ಜಾಗ ಕೊಟ್ಟಿದ್ದಾರೆ, ನಮಗೆ ಬರೀ 128. ಇದು ಅನ್ಯಾಯ ಅಲ್ವಾ?" ಅಂತ. ಲೆಕ್ಕವೇನೋ ಸುಳ್ಳಲ್ಲ. ಯೂನಿಕೋಡಿನ ಮೊದಲ 65,536 ಜಾಗಗಳಲ್ಲಿ 11,172 ಜಾಗ ಕೊರಿಯನ್ ಅಕ್ಷರಗಳಿಗೇ ಹೋಗಿದೆ. ಆರರಲ್ಲಿ ಒಂದು ಪಾಲಿಗಿಂತ ತುಸು ಹೆಚ್ಚೇ. ಕನ್ನಡಕ್ಕಿರುವುದು 128 ಮನೆಗಳ ಒಂದು ಪುಟ್ಟ ವಠಾರ, ಅದರಲ್ಲೂ ಕೆಲವು ಮನೆಗಳು ಖಾಲಿ.

ಆದರೂ ಈ ಹೊಟ್ಟೆಕಿಚ್ಚು ತಪ್ಪು ಜಾಗದಲ್ಲಿ ಉರಿಯುತ್ತಿದೆ ಅನ್ನುವುದು ನನ್ನ ಅನಿಸಿಕೆ. ಆ 11,172 ಕೊರಿಯನ್ನರಿಗೆ ಬಹುಮಾನವಾಗಿ ಸಿಕ್ಕಿದ್ದಲ್ಲ. ಒಂದು ತಪ್ಪು ಪಟ್ಟಿಯ ಜೊತೆ ಹತ್ತು ವರ್ಷ ಗುದ್ದಾಡಿದ ಮೇಲೆ ಬಂದ ಪರಿಹಾರ ಅದು. ನಾವು ಅವರಿಂದ ಕಲಿಯಬೇಕಾದ್ದು ಇದೆ, ಆದರೆ ಅದು "ನಮಗೂ ಅಷ್ಟು ಜಾಗ ಕೊಡಿ" ಅನ್ನುವುದಲ್ಲ. ಯಾಕೆ ಅಂತ ಹೇಳಬೇಕಾದರೆ ಸ್ವಲ್ಪ ಹಿಂದಿನಿಂದ ಬರಬೇಕು.

ಕೊರಿಯನ್ ಲಿಪಿಯ ಹೆಸರು ಹಂಗುಲ್. ಸೆಜೋಂಗ್ ದೊರೆ 1443ರಲ್ಲಿ ರೂಪಿಸಿ 1446ರಲ್ಲಿ ಹೊರತಂದದ್ದು. ಅಲ್ಲಿಯವರೆಗೆ ಅವರು ಬರೆಯುತ್ತಿದ್ದುದು ಚೀನೀ ಅಕ್ಷರಗಳಲ್ಲಿ. ಹಂಗುಲ್‌ನಲ್ಲಿ ವ್ಯಂಜನಕ್ಕೊಂದು ಗುರುತು, ಸ್ವರಕ್ಕೊಂದು ಗುರುತು. ಆದರೆ ಇಂಗ್ಲಿಷಿನ ಹಾಗೆ ಇವನ್ನು ಸಾಲಾಗಿ ನಿಲ್ಲಿಸುವುದಿಲ್ಲ. ಒಂದು ಉಚ್ಚಾರಕ್ಕೆ ಬೇಕಾದ ಗುರುತುಗಳನ್ನೆಲ್ಲ ಒಂದು ಚೌಕದೊಳಗೆ ಕೂರಿಸುತ್ತಾರೆ. 'ಹನ್' ಅಂತ ಬರೆಯಬೇಕಾದರೆ ಎಡಕ್ಕೆ 'ಹ'ದ ಗುರುತು, ಅದರ ಬಲಕ್ಕೆ 'ಅ'ದ ಗುರುತು, ಇಬ್ಬರ ಕೆಳಗೆ 'ನ್'. ನೋಡಲು ನಮ್ಮ ಒತ್ತಕ್ಷರದ ಹಾಗೇ ಕೆಳಗೆ ಕೂರುತ್ತದೆ. ವ್ಯತ್ಯಾಸ ಏನಪ್ಪಾ ಅಂದರೆ, ನಮ್ಮಲ್ಲಿ ಒತ್ತು ಸ್ವರಕ್ಕಿಂತ ಮುಂಚೆ ಬರುವ ದನಿ, ಅವರಲ್ಲಿ ಅದು ಸ್ವರ ಮುಗಿದ ಮೇಲೆ ಬರುವ ದನಿ.

ಇಂದಿನ ಕೊರಿಯನ್ ಬರವಣಿಗೆಯ ನಿಯಮ ಅಚ್ಚುಕಟ್ಟು. ಚೌಕದ ಮೊದಲಿಗೆ ಬರಬಹುದಾದ ವ್ಯಂಜನಗಳು 19. ನಡುವಿನ ಸ್ವರಗಳು 21. ಕೊನೆಯಲ್ಲಿ ಬರಬಹುದಾದವು 27, ಜೊತೆಗೆ "ಕೊನೆಯಲ್ಲಿ ಏನೂ ಇಲ್ಲ" ಅನ್ನುವುದೂ ಒಂದು ಆಯ್ಕೆ, ಒಟ್ಟು 28. ಗುಣಿಸಿ ನೋಡಿ: 19 × 21 × 28 = 11,172. ಅಷ್ಟೇ. ಆ ದೊಡ್ಡ ಸಂಖ್ಯೆಯ ಹಿಂದೆ ಯಾವ ಲಾಬಿಯೂ ಇಲ್ಲ, ಪ್ರೈಮರಿ ಶಾಲೆಯ ಗುಣಾಕಾರ ಇದೆ.

ಈಗ 1987ಕ್ಕೆ ಬನ್ನಿ. ಆ ವರ್ಷ ದಕ್ಷಿಣ ಕೊರಿಯಾ ಕಂಪ್ಯೂಟರಿಗಾಗಿ ಒಂದು ರಾಷ್ಟ್ರೀಯ ಮಾನಕ ತಂದಿತು, ಹೆಸರು ಕೆಎಸ್ ಸಿ 5601. ಅಂತರರಾಷ್ಟ್ರೀಯ ನಿಯಮಕ್ಕೆ ಹೊಂದಬೇಕಾದರೆ ಅಕ್ಷರಗಳನ್ನೆಲ್ಲ 94 ಸಾಲು, 94 ಕಂಬಗಳ ಒಂದು ಕೋಷ್ಟಕದಲ್ಲಿ ತುಂಬಬೇಕಿತ್ತು. 94 × 94 ಅಂದರೆ 8,836 ಮನೆ. 11,172 ಅಕ್ಷರ ಇದರಲ್ಲಿ ಹಿಡಿಯುವುದೇ ಇಲ್ಲ! ಮೇಲಾಗಿ ಚೀನೀ ಅಕ್ಷರಗಳಿಗೂ ಜಾಗ ಬೇಕು. ಸರಿ, ಏನು ಮಾಡಿದರು? ಬಳಕೆಯಲ್ಲಿ ಹೆಚ್ಚು ಕಾಣುವ 2,350 ಹಂಗುಲ್ ಚೌಕಗಳನ್ನು ಆರಿಸಿ ಪಟ್ಟಿ ಮಾಡಿದರು. ಚೀನೀ ಅಕ್ಷರಗಳಿಗೆ 4,888 ಮನೆ ಕೊಟ್ಟರು. ಉಳಿದ 8,822 ಹಂಗುಲ್ ಚೌಕಗಳು ಬೀದಿಗೆ ಬಿದ್ದವು.

ಇದರಲ್ಲಿ ನನ್ನನ್ನು ಕೆಣಕುವ ವಿಷಯ ಒಂದಿದೆ. ಆ 4,888 ಚೀನೀ ಅಕ್ಷರಗಳಲ್ಲಿ 268 ಬರೀ ಪುನರಾವರ್ತನೆ. ಒಂದೇ ಚೀನೀ ಅಕ್ಷರಕ್ಕೆ ಕೊರಿಯನ್ನಿನಲ್ಲಿ ಎರಡು ಮೂರು ಉಚ್ಚಾರ ಇದ್ದರೆ ಉಚ್ಚಾರಕ್ಕೊಂದರಂತೆ ಅದೇ ಅಕ್ಷರವನ್ನು ಮತ್ತೆ ಮತ್ತೆ ಸೇರಿಸಿದ್ದರು. ಸಂಗೀತ, ಸಂತೋಷ ಅನ್ನುವ ಅರ್ಥದ ಒಂದು ಅಕ್ಷರವಂತೂ ನಾಲ್ಕು ಸಲ ಇದೆ. ಪರದೆಯ ಮೇಲೆ ನಾಲ್ಕೂ ಒಂದೇ ಥರ. ಹೊರಗಿನಿಂದ ಬಂದ ಅಕ್ಷರಕ್ಕೆ ನಾಲ್ಕು ಮನೆ, ಸ್ವಂತ ಲಿಪಿಯ ಅಕ್ಷರಕ್ಕೆ ಒಂದೂ ಇಲ್ಲ. ಮನೆಯವರಿಗೇ ಊಟ ಇಲ್ಲದಿರುವಾಗ ನೆಂಟರಿಗೆ ಎರಡೆರಡು ಸಲ ಬಡಿಸಿದ ಹಾಗಾಯಿತು.

"ಬಳಸದ ಅಕ್ಷರ ಹೋದರೆ ಏನು ನಷ್ಟ?" ಅಂತ ಕೇಳಬಹುದು. ಇಲ್ಲೇ ಇರುವುದು ಎಡವಟ್ಟು. 1987ರಲ್ಲಿ ಯಾರೂ ಬಳಸದ ಅಕ್ಷರ 1990ರಲ್ಲಿ ಬೇಕಾಗಬಹುದು. ಆ ವರ್ಷ ಕೊರಿಯಾದ ಟಿವಿಯಲ್ಲಿ ಒಂದು ಧಾರಾವಾಹಿ ಬಂತು, ಅದರ ಹೆಸರಿನ ಮೊದಲ ಅಕ್ಷರ 'ತ್ತೋಮ್'. ಪಟ್ಟಿಯಲ್ಲಿ ಅದು ಇಲ್ಲ! ಹೆಸರನ್ನೇ ಮಾನಕದಂತೆ ಟೈಪ್ ಮಾಡಲು ಆಗದು. ಥಾಯ್ಲೆಂಡಿನ ಹೆಸರಾಂತ ಹುಳಿ ಸಾರು ತೋಮ್ ಯಾಮ್ ಇದೆಯಲ್ಲ, ಅದರ ಹೆಸರು ಬರೆಯಲೂ ಬೇಕಾದದ್ದು ಅದೇ ಅಕ್ಷರ. ಜೀಪು, ಪೆಪ್ಸಿ ಅನ್ನುವ ಪದಗಳನ್ನು ಜನ ತಮಗೆ ತೋಚಿದ ಹಾಗೆ ಬರೆಯುವಾಗ ಬರುವ ಕೆಲವು ಚೌಕಗಳೂ ಪಟ್ಟಿಯಿಂದ ಹೊರಗೆ. ಜೀಪಿನಲ್ಲಿ ಬಂದ ಪೆಪ್ಸಿ ಮನುಷ್ಯ, ಗಿಡ್ಡ ಕಾಲಿನವನು, ಆ ಧಾರಾವಾಹಿಯ ನಾಯಕ ಎಲ್ಲರನ್ನೂ ಸೇರಿಸಿ ಒಂದು ತಮಾಷೆಯ ವಾಕ್ಯವನ್ನೇ ಕಟ್ಟಿದ್ದಾರೆ. ಒಂದು ತಂತ್ರಾಂಶ ಪೂರ್ತಿ ಹಂಗುಲ್ ಬರೆಯಬಲ್ಲದೋ ಇಲ್ಲವೋ ಎಂದು ಪರೀಕ್ಷಿಸಲು ಆ ವಾಕ್ಯ ಸಾಕು. ಅದರಲ್ಲಿ ಪಟ್ಟಿಗೆ ಸಿಗದ ನಾಲ್ಕು ಚೌಕಗಳಿವೆ.

ಪಟ್ಟಿಯಲ್ಲಿಲ್ಲದ ಚೌಕವನ್ನು ಬಿಡಿ ಗುರುತುಗಳ ಸಾಲಿನಿಂದ ಸೂಚಿಸುವ ದಾರಿಯೊಂದನ್ನು ಮಾನಕದಲ್ಲಿ ಬರೆದಿಟ್ಟಿದ್ದರು ಅನ್ನಿ. ಆದರೆ ತಂತ್ರಾಂಶ ಬರೆಯುವವರು ಅದರ ಗೋಜಿಗೆ ಹೋಗಲೇ ಇಲ್ಲ. ಕಾಗದದ ಮೇಲಿನ ಹಕ್ಕು ಕಾಗದದ ಮೇಲೇ ಉಳಿಯಿತು.

ಗಮನಿಸಿ, ಇಲ್ಲಿ ನಡೆದದ್ದು ಬರೀ ತಾಂತ್ರಿಕ ಕೊರತೆಯಲ್ಲ. ಒಬ್ಬ ಕೊರಿಯನ್ ಹುಡುಗ ಕಾಗದ, ಪೆನ್ಸಿಲ್ ಹಿಡಿದು ಕೂತರೆ 11,172ರಲ್ಲಿ ಯಾವ ಚೌಕವನ್ನಾದರೂ ಬರೆಯಬಲ್ಲ, ಓದಬಲ್ಲ. ಅವನು ಕಲಿತದ್ದು ಪಟ್ಟಿಯನ್ನಲ್ಲ, ನಿಯಮವನ್ನು. ಕಂಪ್ಯೂಟರ್ ಮಾತ್ರ "ಇದು ನಿನ್ನ ಭಾಷೆಯಲ್ಲಿ ಇಲ್ಲ" ಅನ್ನುತ್ತಿತ್ತು. ಬಳಕೆಯ ಪಟ್ಟಿ ಅನುಮತಿಯ ಪಟ್ಟಿಯಾಗಿಬಿಟ್ಟಿತು. ಇಡೀ ಕಥೆಯ ತಿರುಳು ನನ್ನ ಪ್ರಕಾರ ಇದೇ.

ಬೇರೆ ದಾರಿ ಇರಲಿಲ್ಲವೇ? ಇತ್ತು. ಜೋಹಾಪ್ ಅಂತ ಅದರ ಹೆಸರು, 'ಜೋಡಿಸಿದ್ದು' ಅಂದಿಟ್ಟುಕೊಳ್ಳಿ. ಎಷ್ಟು ಸರಳ ಅಂದರೆ, ಒಂದು ಚೌಕಕ್ಕೆ 16 ಬಿಟ್. ಮೊದಲ ಬಿಟ್ "ಇದು ಹಂಗುಲ್" ಅಂತ ಹೇಳುತ್ತದೆ. ಉಳಿದ 15ನ್ನು ಐದೈದರ ಮೂರು ಪಾಲು ಮಾಡಿ: ಮೊದಲ ವ್ಯಂಜನಕ್ಕೆ ಐದು, ಸ್ವರಕ್ಕೆ ಐದು, ಕೊನೆಯ ವ್ಯಂಜನಕ್ಕೆ ಐದು. ಐದು ಬಿಟ್‌ನಲ್ಲಿ 32 ಬೆಲೆ ಹಿಡಿಯುತ್ತದೆ, ನಮಗೆ ಬೇಕಾದದ್ದು 19, 21, 28. ಆರಾಮಾಗಿ ಹಿಡಿಯಿತು! ಪಟ್ಟಿಯೇ ಬೇಡ. 1989ರಲ್ಲಿ ಬಂದ, ಕೊರಿಯಾದಲ್ಲಿ ಮನೆಮಾತಾದ 'ಹಂಗುಲ್' ಅನ್ನುವ ವರ್ಡ್ ಪ್ರೊಸೆಸರ್ ಈ ಜೋಡಣೆಯ ದಾರಿಯನ್ನೇ ಹಿಡಿದು ಎಲ್ಲ ಚೌಕಗಳನ್ನೂ ಬರೆಸಿತು. ಆದರೆ ಜೋಹಾಪ್‌ನಲ್ಲಿ ಒಂದು ತೊಂದರೆ. ಎರಡನೆಯ ಬೈಟ್ ಕೆಲವೊಮ್ಮೆ ಇಂಗ್ಲಿಷ್ ಅಕ್ಷರದ ಸಂಕೇತದ ಹಾಗೇ ಇರುತ್ತದೆ, ಆಗ ಹಳೆಯ ತಂತ್ರಾಂಶಗಳು ತಬ್ಬಿಬ್ಬಾಗುತ್ತವೆ. ಅಂತರರಾಷ್ಟ್ರೀಯ ಕೋಷ್ಟಕದ ನಿಯಮಕ್ಕೂ ಅದು ಒಗ್ಗದು. 1992ರಲ್ಲಿ ಮಾನಕದ ಅನುಬಂಧದಲ್ಲಿ ಜೋಹಾಪ್‌ಗೂ ಒಂದು ಜಾಗ ಕೊಟ್ಟರು, ಆದರೆ ಹೊತ್ತಿಗೆ ಮುಂಚೆ ಬಂದವನದ್ದೇ ಊಟದ ಎಲೆ.

ಮುಂದೆ ಮೈಕ್ರೋಸಾಫ್ಟ್‌ನವರು ವಿಂಡೋಸ್ 95ರ ಜೊತೆ ಇನ್ನೊಂದು ತೇಪೆ ಹಾಕಿದರು. 2,350 ಇದ್ದ ಜಾಗದಲ್ಲೇ ಬಿಟ್ಟು, ಉಳಿದ 8,822 ಚೌಕಗಳನ್ನು ಕೋಷ್ಟಕದ ಹೊರಗಿನ ಸಂದುಗೊಂದುಗಳಲ್ಲಿ ತುರುಕಿದರು. ಎಲ್ಲ ಅಕ್ಷರ ಬಂತು, ಆದರೆ ಅಕಾರಾದಿ ಹೋಯಿತು. ಸಂಕೇತದ ಕ್ರಮದಲ್ಲಿ ಜೋಡಿಸಿದರೆ ಒಂದೇ ನಿಘಂಟನ್ನು ಎರಡಾಗಿ ಸೀಳಿ, ಪಾಶ್ ಅಕ್ಷರಗಳಿಗೆ ಒಂದು ಸಂಪುಟ, ಬಡ ಅಕ್ಷರಗಳಿಗೆ ಒಂದು ಸಂಪುಟ ಮಾಡಿದ ಹಾಗೆ!

ಯೂನಿಕೋಡ್ ಕೂಡ ಮೊದಲಿಗೆ ಇದೇ ಹಳ್ಳಕ್ಕೆ ಬಿತ್ತು. 1991ರ ಮೊದಲ ಆವೃತ್ತಿಯಲ್ಲಿ ಅದೇ 2,350. 1993ರ ಆವೃತ್ತಿಯಲ್ಲಿ ಇನ್ನೂ 1,930, ಮತ್ತೆ 2,376, ಒಟ್ಟು 6,656. ಪಟ್ಟಿಯ ಮೇಲೆ ಪಟ್ಟಿ, ಆದರೂ ಪೂರ್ತಿಯಾಗಲಿಲ್ಲ. ಕೊನೆಗೆ 1996ರ ಎರಡನೆಯ ಆವೃತ್ತಿಯಲ್ಲಿ ಹಳೆಯದನ್ನೆಲ್ಲ ಕಿತ್ತು ಹಾಕಿ, ಹೊಸ ಬಡಾವಣೆಯಲ್ಲಿ 44,032ರಿಂದ 55,203ರವರೆಗೆ ಎಲ್ಲ 11,172 ಚೌಕಗಳನ್ನೂ ಸಾಲಾಗಿ ಕೂರಿಸಿದರು.

ಕೂರಿಸಿದ ರೀತಿ ನೋಡಿ, ಅದು ಚೆಂದ. ಒಂದು ಚೌಕದ ಸಂಖ್ಯೆ ಬೇಕಾದರೆ ಕೋಷ್ಟಕ ಹುಡುಕಬೇಕಾಗಿಲ್ಲ:

(ಮೊದಲ ವ್ಯಂಜನ × 21 + ಸ್ವರ) × 28 + ಕೊನೆಯ ವ್ಯಂಜನ + 44,032

ಎಣಿಕೆ ಸೊನ್ನೆಯಿಂದ ಶುರು. 'ಹನ್' ತಗೊಳ್ಳಿ. ಹ-ಕಾರದ ಸಂಖ್ಯೆ 18, ಅ-ಕಾರದ್ದು 0, ಕೊನೆಯ 'ನ್'ದು 4. 18 × 21 = 378. ಅದನ್ನು 28ರಿಂದ ಗುಣಿಸಿದರೆ 10,584. ನಾಲ್ಕು ಸೇರಿಸಿ 10,588. ಅದಕ್ಕೆ 44,032 ಕೂಡಿಸಿದರೆ 54,620. ಹಂಗುಲ್‌ನ ಮೊದಲ ಅಕ್ಷರದ ವಿಳಾಸ ಸಿಕ್ಕಿತು! ತಿರುಗಿ ಹೋಗಬೇಕಾದರೆ 28ರಿಂದ, 21ರಿಂದ ಭಾಗಿಸಿ, ಶೇಷ ನೋಡಿ. ಮೂರೂ ಗುರುತು ಹೊರಗೆ ಬೀಳುತ್ತವೆ. ಅಂದರೆ ನೋಡಲು 11,172 ಅಕ್ಷರಗಳ ಪಟ್ಟಿ, ಒಳಗಿರುವುದು ಅದೇ ಜೋಹಾಪ್‌ನ ನಿಯಮ. ಜಾಗ ಮುಖ್ಯವಲ್ಲ, ಆ ಜಾಗದೊಳಗೆ ಲಿಪಿಯ ವ್ಯಾಕರಣ ಉಳಿದದ್ದು ಮುಖ್ಯ.

ಈ ಮನೆ ಬದಲಾವಣೆಗೆ ಒಂದು ಬೆಲೆಯೂ ಇತ್ತು. ಹಳೆಯ ವಿಳಾಸದಲ್ಲಿ ಏನಾದರೂ ಬರೆದಿಟ್ಟಿದ್ದರೆ ಅದು ಕಸವಾಯಿತು, ಯಾಕೆಂದರೆ ಖಾಲಿಯಾದ ಜಾಗಕ್ಕೆ 1999ರಲ್ಲಿ ಬೇರೆ ಚೀನೀ ಅಕ್ಷರಗಳು ಬಂದು ಕೂತವು. ಯುಟಿಎಫ್-8 ಅನ್ನು ವಿವರಿಸುವ 1998ರ ದಾಖಲೆಯಲ್ಲೇ ಇದನ್ನು 'ಕೊರಿಯನ್ ಅವಾಂತರ' ಅನ್ನುವ ಅರ್ಥದ ಮಾತಿನಿಂದ ಕರೆದಿದ್ದಾರೆ, ಇಂಥದ್ದನ್ನು ಇನ್ನು ಯಾವತ್ತೂ ಮಾಡುವುದಿಲ್ಲ ಅಂತ ಸಮಿತಿಗಳು ಮಾತು ಕೊಟ್ಟಿವೆ ಎಂದೂ ಬರೆದಿದ್ದಾರೆ. ಅವತ್ತಿನಿಂದ ಯೂನಿಕೋಡ್‌ನಲ್ಲಿ ಒಮ್ಮೆ ಕೊಟ್ಟ ಜಾಗ ಕೊಟ್ಟದ್ದೇ, ಇಟ್ಟ ಹೆಸರು ಇಟ್ಟದ್ದೇ.

ಈ ಹಟದ ಬಿಸಿ ನಮಗೂ ತಟ್ಟಿದೆ. ಹಳಗನ್ನಡದ ೞ ಗೊತ್ತಲ್ಲ? ಯೂನಿಕೋಡ್‌ನಲ್ಲಿ ಅದರ ಅಧಿಕೃತ ಹೆಸರು 'ಕನ್ನಡ ಅಕ್ಷರ ಫ'. ಫ! ಯಾರೋ ಎಂದೋ ತಪ್ಪಾಗಿ ಬರೆದರು, ಈಗ ತಿದ್ದುವ ಹಾಗಿಲ್ಲ. ಪಕ್ಕದಲ್ಲಿ ಸರಿಯಾದ ಹೆಸರನ್ನು ಉಪನಾಮವಾಗಿ ಸೇರಿಸಿ ಸುಮ್ಮನಾಗಿದ್ದಾರೆ. ರೇಷನ್ ಕಾರ್ಡಿನಲ್ಲಿ ಹೆಸರು ತಪ್ಪಾದರೂ ಇಷ್ಟು ಕಷ್ಟ ಇಲ್ಲ.

ಸರಿ, 11,172 ಬಂದ ಮೇಲೆ ಕೊರಿಯನ್ನರ ಕಷ್ಟ ಮುಗಿಯಿತಾ? ಇಲ್ಲ. ದಕ್ಷಿಣಕ್ಕೆ ಜೇಜು ಅನ್ನುವ ದ್ವೀಪ ಇದೆ. ಅಲ್ಲಿನ ನುಡಿಯಲ್ಲಿ 'ಅರೆಅ' ಅನ್ನುವ ಒಂದು ಹಳೆಯ ಸ್ವರ ಉಳಿದುಕೊಂಡಿದೆ, ಇಂದಿನ ಸಿಯೋಲ್ ಕೊರಿಯನ್‌ನಲ್ಲಿ ಅದು ಇಲ್ಲ. ಬರೆಯುವಾಗ ಅದಕ್ಕೆ ಒಂದು ಚುಕ್ಕಿಯ ಗುರುತು. 21 ಸ್ವರಗಳಲ್ಲಿ ಅದು ಸೇರಿಲ್ಲ, ಹಾಗಾಗಿ 11,172 ಚೌಕಗಳಲ್ಲಿ ಒಂದರಲ್ಲೂ ಅದು ಇಲ್ಲ. 2010ರಲ್ಲಿ ಯುನೆಸ್ಕೋ ಜೇಜು ನುಡಿಯನ್ನು ತೀರಾ ಅಳಿವಿನ ಅಂಚಿನಲ್ಲಿರುವ ಭಾಷೆಗಳ ಸಾಲಿಗೆ ಸೇರಿಸಿತು. ಅಂಥ ನುಡಿಯನ್ನು ಅದರದೇ ಸ್ವರದೊಂದಿಗೆ ಬರೆಯಲು ಕೊನೆಗೆ ಆಸರೆಯಾದದ್ದು ಯಾವುದು? ಯೂನಿಕೋಡ್‌ನಲ್ಲಿ ಮೂಲೆಯಲ್ಲಿ ಕೂತಿದ್ದ ಬಿಡಿ ಗುರುತುಗಳು. ಮೊದಲ ವ್ಯಂಜನ, ಸ್ವರ, ಕೊನೆಯ ವ್ಯಂಜನ ಬೇರೆ ಬೇರೆಯಾಗಿ ಕೊಟ್ಟರೆ ಫಾಂಟು ಸೇರಿಸಿ ಚೌಕ ಮಾಡುತ್ತದೆ. ಹಳೆಯ ಗ್ರಂಥಗಳ ಹಂಗುಲ್‌ಗೂ ಇದೇ ಗತಿ, 2009ರಲ್ಲಿ ಅದಕ್ಕಾಗಿ ಇನ್ನಷ್ಟು ಬಿಡಿ ಗುರುತುಗಳನ್ನು ಸೇರಿಸಿದರು. ಪಟ್ಟಿ ಎಷ್ಟೇ ದೊಡ್ಡದಿರಲಿ, ಅದರ ಹೊರಗೆ ಯಾರೋ ಒಬ್ಬರು ನಿಂತೇ ಇರುತ್ತಾರೆ.

ಈಗ ನಮ್ಮ ಮನೆಗೆ ಬರೋಣ. ಕನ್ನಡಕ್ಕೂ 'ಪ್ರತಿ ಅಕ್ಷರಕ್ಕೆ ಒಂದು ಸಂಖ್ಯೆ' ಬೇಕು ಅನ್ನುವವರಿಗೆ ಒಂದು ಲೆಕ್ಕ. 34 ವ್ಯಂಜನ, 13 ಸ್ವರ ಅಂತ ಇಟ್ಟುಕೊಳ್ಳಿ. ಬರೀ ಕಾಗುಣಿತ 442. ಒಂದು ಒತ್ತು ಬಂದರೆ 34 × 34 × 13, ಅಂದರೆ 15,028. 'ಸ್ತ್ರೀ' ಥರ ಎರಡು ಒತ್ತು ಬಂದರೆ 5,10,952! ಇದರಲ್ಲಿ ಬಹುಪಾಲು ಯಾರೂ ಬರೆಯದವು, ನಿಜ. ಹಾಗಾದರೆ ಬಳಸುವವನ್ನು ಮಾತ್ರ ಆರಿಸೋಣ ಅನ್ನುತ್ತೀರಾ? ಆರಿಸುವವರು ಯಾರು? 1987ರಲ್ಲಿ ಅಂಥ ಪಟ್ಟಿ ಮಾಡಿದ್ದರೆ 'ಟ್ವೀಟ್' ಪದದ 'ಟ್ವೀ' ಅದರಲ್ಲಿ ಇರುತ್ತಿತ್ತೇ? ಕನ್ನಡ ಲಿಪಿಯಲ್ಲೇ ತುಳು, ಕೊಡವ, ಕೊಂಕಣಿ, ಬ್ಯಾರಿ ಬರೆಯುವವರಿದ್ದಾರೆ. ಅವರಿಗೆ ಬೇಕಾದ ಒತ್ತಕ್ಷರ ನಮ್ಮ ಪದಕೋಶದಲ್ಲಿ ಇಲ್ಲದಿದ್ದರೆ? ನಮ್ಮದೇ 2,350ರ ಪಟ್ಟಿಯನ್ನು ನಾವೇ ಕೈಯಾರೆ ಮಾಡಿಕೊಂಡ ಹಾಗಾಗುತ್ತಿತ್ತು.

ನೆರೆಯ ತಮಿಳುನಾಡಿನಲ್ಲಿ 2010ರಲ್ಲಿ ಸರ್ಕಾರ ಯೂನಿಕೋಡ್ ಜೊತೆಗೆ ಟೇಸ್-16 ಅನ್ನುವ, ಪ್ರತಿ ಅಕ್ಷರಕ್ಕೂ ಒಂದೊಂದು ಸಂಖ್ಯೆ ಕೊಡುವ ಪದ್ಧತಿಯನ್ನೂ ಒಪ್ಪಿತು. ಅವರ ವಾದಕ್ಕೆ ಒಂದು ಬಲವಾದರೂ ಇದೆ. ತಮಿಳಿನಲ್ಲಿ ಒತ್ತಕ್ಷರದ ರಗಳೆ ಇಲ್ಲ, ಅಕ್ಷರಗಳನ್ನು ಬೆರಳೆಣಿಸಿ ಮುಗಿಸಬಹುದು. ನಮಗೆ ಆ ಅನುಕೂಲ ಇಲ್ಲ. ಬಿಡಿ ಗುರುತು ಮತ್ತು ವಿರಾಮ ಸೇರಿಸಿ ಅಕ್ಷರ ಕಟ್ಟುವ ನಮ್ಮ ಪದ್ಧತಿ ಬಡವರ ಪದ್ಧತಿ ಅಲ್ಲ. ಜೋಹಾಪ್‌ನವರು ಕೇಳಿದ್ದು, ಜೇಜುವಿನವರಿಗೆ ಬೇಕಾದದ್ದು, ಅದು ನಮಗೆ ಮೊದಲ ದಿನದಿಂದ ಸಿಕ್ಕಿದೆ.

ಹಾಗಂತ ನಮ್ಮಲ್ಲಿ ಎಲ್ಲ ಸರಿಯಿದೆ ಅಂತ ಹೇಳುತ್ತಿಲ್ಲ. 'ಹನ್' ಯುಟಿಎಫ್-8ರಲ್ಲಿ 3 ಬೈಟ್, ನಮ್ಮ 'ಸ್ತ್ರೀ' ಆರು ಸಂಕೇತ, 18 ಬೈಟ್. 70 ಸಂಕೇತಗಳ ಮಿತಿಯ ಯೂನಿಕೋಡ್ ಎಸ್ಸೆಮ್ಮೆಸ್‌ನಲ್ಲಿ ಕೊರಿಯನ್ನರಿಗೆ 70 ಅಕ್ಷರ, ನಮಗೆ ಅದಕ್ಕಿಂತ ಎಷ್ಟೋ ಕಡಿಮೆ. ಆದರೆ ಬೈಟ್‌ಗಳು ದಿನದಿನಕ್ಕೆ ಅಗ್ಗವಾಗುತ್ತಿವೆ, ಅದಕ್ಕೆ ನಾನು ಅಳುವುದಿಲ್ಲ. ಅಳಬೇಕಾದ್ದು ಬೇರೆ ಎರಡು ಕಡೆ.

ಮೊದಲನೆಯದು, ಒಂದೇ ಪದಕ್ಕೆ ಎರಡು ಸಂಕೇತ. ಕೊರಿಯನ್ನರಿಗೆ ಇದರ ಪಾಠ ಚೆನ್ನಾಗಿ ಆಗಿದೆ. ಮ್ಯಾಕ್‌ನ ಹಳೆಯ ಎಚ್‌ಎಫ್‌ಎಸ್ ಪ್ಲಸ್ ಫೈಲ್ ವ್ಯವಸ್ಥೆ ಕಡತದ ಹೆಸರನ್ನು ಬಿಡಿ ಗುರುತುಗಳಾಗಿ ಒಡೆದು ಇಡುತ್ತಿತ್ತು. ಆ ಕಡತ ವಿಂಡೋಸ್‌ಗೆ ಹೋದರೆ ಚೌಕಗಳೆಲ್ಲ ಕಳಚಿ, ಗುರುತುಗಳು ಸಾಲಾಗಿ ಚೆಲ್ಲಿಕೊಂಡಿರುತ್ತಿದ್ದವು. ನಮ್ಮಲ್ಲೂ 'ಕೋ' ಬರೆಯಲು ಒಂದಕ್ಕಿಂತ ಹೆಚ್ಚು ದಾರಿ ಇದೆ: ಓ-ಕಾರದ ಒಂದೇ ಗುರುತು, ಇಲ್ಲವೇ ಎತ್ವ, ಕೊಂಬಿನ ದೀರ್ಘ, ದೀರ್ಘದ ಗುರುತು ಮೂರೂ ಸೇರಿ. ಕಣ್ಣಿಗೆ ಒಂದೇ, ಹುಡುಕುವ ಯಂತ್ರಕ್ಕೆ ಬೇರೆ. ಇನ್ನು 'ಸಾಫ್ಟ್‌ವೇರ್', 'ರ‍್ಯಾಂಕ್' ಪದಗಳ ಒಳಗೆ ಕಣ್ಣಿಗೆ ಕಾಣದ ಒಂದು ಸಂಕೇತ ಅಡಗಿ ಕೂತಿರುತ್ತದೆ. ಒಬ್ಬರು ಹಾಕುತ್ತಾರೆ, ಇನ್ನೊಬ್ಬರು ಬಿಡುತ್ತಾರೆ. ಹೋಲಿಸುವ ಮುಂಚೆ ಎರಡನ್ನೂ ಒಂದು ರೂಪಕ್ಕೆ ತರಬೇಕು ಅನ್ನುವ ಸಣ್ಣ ಶಿಸ್ತು ನಮ್ಮ ಎಷ್ಟೋ ತಂತ್ರಾಂಶಗಳಲ್ಲಿ ಇಲ್ಲ.

ಎರಡನೆಯದು ಇನ್ನೂ ಮುಖ್ಯ. ಓದುವವನ ಕಣ್ಣಿಗೆ 'ಒಂದು ಅಕ್ಷರ' ಅಂದರೆ ಯಾವುದು ಅಂತ ತಂತ್ರಾಂಶಗಳಿಗೆ ಹೇಳಿಕೊಡುವ ನಿಯಮ ಯೂನಿಕೋಡ್‌ನಲ್ಲಿದೆ. ಕರ್ಸರ್ ಎಲ್ಲಿ ನಿಲ್ಲಬೇಕು, ಪದವನ್ನು ಎಲ್ಲಿ ಕತ್ತರಿಸಬಾರದು ಅನ್ನುವುದಕ್ಕೆಲ್ಲ ಇದೇ ಆಧಾರ. ಕೊರಿಯನ್ನಿನ ಬಿಡಿ ಗುರುತುಗಳು ಸೇರಿದರೆ ಒಂದೇ ಚೌಕ ಅಂತ ಆ ನಿಯಮದಲ್ಲಿ ಮೊದಲಿನಿಂದಲೂ ಇದೆ. ಭಾರತೀಯ ಒತ್ತಕ್ಷರಗಳ ಬಗ್ಗೆ ಅಂಥ ನಿಯಮ ಬಂದದ್ದು 2023ರ 15.1 ಆವೃತ್ತಿಯಲ್ಲಿ. ದೇವನಾಗರಿ, ಬಂಗಾಳಿ, ಗುಜರಾತಿ, ಒಡಿಯಾ, ತೆಲುಗು, ಮಲಯಾಳಂ ಅದರಲ್ಲಿ ಸೇರಿದವು. ಆ ಆವೃತ್ತಿಯ ಪಟ್ಟಿಯಲ್ಲಿ ಕನ್ನಡ ಇರಲಿಲ್ಲ. ಅಂದರೆ ಆ ನಿಯಮದ ಪ್ರಕಾರ ತೆಲುಗಿನ 'ಕ್ಷ' ಒಂದು ಅಕ್ಷರ, ಕನ್ನಡದ 'ಕ್ಷ' ಎರಡು ತುಂಡು! 128 ಮನೆ ಸಾಲದು ಅಂತ ಕೂಗುವವರು ನೂರು ಜನ ಸಿಗುತ್ತಾರೆ. ಇದನ್ನು ಕೇಳಿದವರನ್ನು ನಾನು ನೋಡಿದ್ದು ತೀರಾ ಕಡಿಮೆ.

ಕೊರಿಯನ್ನರು ಗೆದ್ದದ್ದು ಜಾಗ ಹೆಚ್ಚು ಕೇಳಿದ್ದಕ್ಕಲ್ಲ. ತಮ್ಮ ಲಿಪಿಯ ನಿಯಮ ಏನು ಅಂತ ಅವರಿಗೆ ಸ್ಪಷ್ಟವಾಗಿ ಗೊತ್ತಿತ್ತು, ಅದು ಯಂತ್ರದೊಳಗೂ ಹಾಗೇ ಇರಬೇಕು ಅಂತ ಪಟ್ಟು ಹಿಡಿದರು. ನಾವೂ ಹಿಡಿಯಬೇಕಾದ ಪಟ್ಟು ಅದೇ. ಕನ್ನಡದಲ್ಲಿ ಒಂದು ಅಕ್ಷರ ಅಂದರೆ ಏನು, ಅದಕ್ಕೆ ಒಪ್ಪಿತ ರೂಪ ಯಾವುದು, ಕಾಣದ ಸಂಕೇತ ಎಲ್ಲಿ ಬೇಕು, ಎಲ್ಲಿ ಬೇಡ. ಇದನ್ನು ನಾವು ಬರೆದು, ಚರ್ಚಿಸಿ, ಕಳಿಸದಿದ್ದರೆ ಬೇರೆ ಯಾರೋ ನಮ್ಮ ಪರವಾಗಿ ತೀರ್ಮಾನ ಮಾಡಿಬಿಡುತ್ತಾರೆ. ಆಮೇಲೆ ಅದನ್ನು ತಿದ್ದುವುದು ಎಷ್ಟು ಕಷ್ಟ ಅಂತ ನಮ್ಮ ೞ-ಕಾರವನ್ನೇ ಕೇಳಿ ನೋಡಿ.

ನೀವೇನಂತೀರಿ?